ಬೆನ್ನುಡಿ ಮಾತ್ರ ಓದಿದವರು

ನಮ್ಮ ಬೈಂಡಿಂಗ್ ಕೋಣೆಯಲ್ಲಿ ದಿನವೂ ನೂರಾರು ಪುಸ್ತಕ ತಯಾರಾಗುತ್ತವೆ. ಆದರೆ ಒಂದು ಪುಸ್ತಕವನ್ನಾದರೂ ಪೂರ್ತಿ ಓದಿದವರು ನಮ್ಮಲ್ಲಿ ಯಾರೂ ಇಲ್ಲ. ಕೆಲಸದ ರೀತಿಯೇ ಹಾಗೆ. ಅಚ್ಚಾದ ದೊಡ್ಡ ಹಾಳೆಯನ್ನು ಮಡಿಸಿದರೆ ಹದಿನಾರು ಪುಟದ ಒಂದು ಫಾರಂ. ಪುಸ್ತಕದ ಮೊದಲರ್ಧದ ಫಾರಂಗಳನ್ನು ಕುಳ್ಳಿ ಮಡಿಸುತ್ತಾಳೆ. ಉಳಿದರ್ಧ ನನ್ನದು. ಮಡಿಸಿದ್ದನ್ನು ಸಾಲಾಗಿ ಜೋಡಿಸಿ ಮುಂದಿಟ್ಟರೆ ಸೂಜಿಯಕ್ಕ ದಾರ ಹಾಕಿ ಹೊಲಿಯುತ್ತಾಳೆ. ಕಡೆಗೆ ಗೋಂದಿನತ್ತೆ ಅಂಟು ಬಳಿದು ರಟ್ಟು ಕೂರಿಸುತ್ತಾಳೆ. ಅವಳ ಕಣ್ಣಿಗೆ ಬೀಳುವುದು ರಟ್ಟು ಮಾತ್ರ. ಅದಕ್ಕೇ ಅವಳು ಓದುವುದು ಬೆನ್ನುಡಿ ಮಾತ್ರ. ಅದಕ್ಕೇ ಇರಬೇಕು, ಪ್ರತಿಯೊಂದು ಪುಸ್ತಕದ ಬಗ್ಗೆಯೂ ಕಡೆಯ ತೀರ್ಪು ಅವಳದೇ.

ಕಳೆದ ವರ್ಷ ಒಂದು ಕಾದಂಬರಿ ಬಂತು. ಎದೆ ನಡುಗಿಸುವಂಥದ್ದು. ಒಬ್ಬಳು ಹೆಂಡತಿ, ಒಬ್ಬ ಗಂಡ, ಊರಾಚೆ ಒಂದು ದೊಡ್ಡ ಮನೆ. ಅವಳು ಅಲ್ಲಿಂದ ತಪ್ಪಿಸಿಕೊಳ್ಳಬೇಕು. ಕಥೆ ಅಷ್ಟೇ. ಅದಕ್ಕೆ ನಮ್ಮ ಕೋಣೆಯಲ್ಲಿ ನಡೆದ ಜಗಳ ಮಾತ್ರ ಅಷ್ಟಿಷ್ಟಲ್ಲ.

"ಇಂಥ ಗಂಡ ಸಿಗೋಕೆ ಪುಣ್ಯ ಮಾಡಿರ್ಬೇಕು" ಅಂದಳು ಕುಳ್ಳಿ. "ದಿನಾ ಸಂಜೆ ಅವಳ ಆಫೀಸಿನ ಬಾಗಿಲಲ್ಲಿ ನಿಂತಿರ್ತಾನೆ. ಅವಳ ಬಟ್ಟೆ ಕೂಡ ಅವನೇ ಆರಿಸ್ತಾನೆ. ನಮ್ಮನೆಯವರಿಗೆ ನಾನು ಹಾಕ್ಕೊಂಡಿರೋದು ಬಟ್ಟೆನೋ ಗೋಣಿಚೀಲನೋ ಗೊತ್ತಾಗಲ್ಲ."

"ನನ್ನ ಫಾರಂನಲ್ಲಿ ಅವಳನ್ನ ಕೋಣೆಲಿ ಕೂಡಿ ಹಾಕ್ತಾನೆ ಕಣೇ" ಅಂದೆ.

"ಹಾಗಾದ್ರೆ ಅವಳೇ ಏನೋ ಮಾಡಿರ್ಬೇಕು."

"ಏನು ಮಾಡಿದಾಳೆ?"

"ನನಗೇನು ಗೊತ್ತು? ನಿನ್ನ ಅರ್ಧದಲ್ಲಿರುತ್ತೆ, ಹುಡುಕು."

ಗೋಂದಿನತ್ತೆ ಕುಂಚ ಎತ್ತಿದಳು. ಅವಳು ಕುಂಚ ಎತ್ತಿದಳೆಂದರೆ ಪಂಚಾಯಿತಿ ಕೂತಿತು ಅಂತ ಅರ್ಥ. "ಎಲ್ಲಾ ಇಲ್ಲೇ ಬರೆದಿದೆ ನೋಡ್ರೇ. 'ಮಿತಿಮೀರಿದ ಪ್ರೀತಿಯ ಕಥೆ.' ಪ್ರೀತಿ ಸ್ವಲ್ಪ ಜಾಸ್ತಿ ಆಗಿದೆ, ಅಷ್ಟೇ. ಅವಳು ಒಂಚೂರು ಹೊಂದ್ಕೊಂಡು ಹೋಗಿದ್ರೆ ಇಷ್ಟು ದಪ್ಪ ಪುಸ್ತಕನೇ ಬೇಕಿರಲಿಲ್ಲ. ನನಗೂ ಗೋಂದು ಉಳೀತಿತ್ತು."

"ಅದೂ ಬಿಡಿ ಅತ್ತೆ, ಬಾಗಿಲು ತೆರೆದೇ ಇದೆಯಂತೆ!" ಕುಳ್ಳಿಗೆ ಈಗ ಹೆಂಡತಿಯ ಮೇಲೆ ಸಿಟ್ಟು. "ಇವಳೇ ಓದಿ ಹೇಳಿದ್ಲು. ಬಾಗಿಲು ತೆರೆದಿದೆ, ಅವನು ಮನೇಲಿಲ್ಲ, ಆದ್ರೂ ಈ ಮಹಾತಾಯಿ ಕೂತೇ ಇದಾಳೆ. ಎದ್ದು ಹೋಗೇ ಪೆದ್ದಿ! ಕಾಲಿಲ್ವಾ?"

ನಿಜ ಹೇಳಬೇಕೆಂದರೆ, ಆ ಪುಟ ಕೈಗೆ ಬಂದಾಗಲೆಲ್ಲ ನನಗೂ ರೇಗುತ್ತಿತ್ತು.

ಆಗ ಸೂಜಿಯಕ್ಕ ಮಾತಾಡಿದಳು. ಅವಳು ಮಾತಾಡುವುದೇ ಅಪರೂಪ. ತಲೆ ಎತ್ತಲಿಲ್ಲ, ಹೊಲಿಗೆ ನಿಲ್ಲಿಸಲಿಲ್ಲ.

"ಬಾಗಿಲು ತೆರೆದಿಟ್ಟಿರೋದು ಅವನೇ. ಹೋಗ್ತಾಳಾ ನೋಡೋಣ ಅಂತ. ಅವನು ಎಲ್ಲೂ ಹೋಗಿರಲ್ಲ, ಬೀದಿ ಮೂಲೇಲಿ ನಿಂತಿರ್ತಾನೆ. ಹೊಸಿಲು ದಾಟಿದ್ರೆ ಆಮೇಲೆ ಮಾತಿಲ್ಲ, ಊಟ ಇಲ್ಲ, ಮನೇಲಿ ದೀಪ ಹಾಕೋ ಹಾಗಿಲ್ಲ. ಮೊದಲನೇ ಸಲ ಅದು ಗೊತ್ತಿರಲ್ಲ. ಎರಡನೇ ಸಲ ಬಾಗಿಲು ತೆರೆದಿದ್ರೆ ನೀವೇ ಎದ್ದು ಹೋಗಿ ಮುಚ್ಚಿ ಬರ್ತೀರಿ."

ದಾರವನ್ನು ಹಲ್ಲಿನಲ್ಲಿ ಕಡಿದು ಮುಂದಿನ ಪುಸ್ತಕ ಎಳೆದುಕೊಂಡಳು.

"ಅದು ನನ್ನ ಅರ್ಧದಲ್ಲಿ ಇಲ್ವಲ್ಲ" ಎಂದು ಕುಳ್ಳಿ ನನ್ನ ಮುಖ ನೋಡಿದಳು. ನನ್ನರ್ಧದಲ್ಲೂ ಇರಲಿಲ್ಲ. ಬೆನ್ನುಡಿಯಲ್ಲಿ ಇರುವ ಮಾತೇ ಇಲ್ಲ.

ಅಂದರೆ ಆ ಪುಟ ಪುಸ್ತಕದಲ್ಲೇ ಇರಲಿಲ್ಲ.

ಅಷ್ಟರಲ್ಲಿ ಸೂಜಿಯಕ್ಕನ ಫೋನ್ ಬಡಿದುಕೊಂಡಿತು. ಅವಳು ಸೂಜಿಯನ್ನು ಪುಸ್ತಕದಲ್ಲೇ ಚುಚ್ಚಿಟ್ಟು ಎದ್ದಳು. ಫೋನನ್ನು ಮುಖದ ಮುಂದೆ ಹಿಡಿದು ಕೋಣೆಯ ಈ ಮೂಲೆ, ಆ ಮೂಲೆ, ಕಿಟಕಿ, ಕಪಾಟು, ನಮ್ಮ ಮುಖಗಳು, ಎಲ್ಲವನ್ನೂ ಒಂದು ಸುತ್ತು ತೋರಿಸಿದಳು. ಆಮೇಲೆ ಮಾತಾಡುತ್ತ ಮೊಗಸಾಲೆಗೆ ಹೋದಳು. ಇದು ದಿನವೂ ನಡೆಯುವ ಕೆಲಸ. ನಾವು ಕೈ ಬೀಸಿ ನಗುವುದೂ ದಿನದ ಕೆಲಸವೇ. "ಭಾವಂಗೆ ಹೆಂಡ್ತಿನ ನೋಡದೆ ಇರೋಕಾಗಲ್ಲ" ಎಂದು ತಮಾಷೆ ಮಾಡುತ್ತಿದ್ದೆವು.

ಭಾವ ಅಂದರೆ ಸೂಜಿಯಕ್ಕನ ಗಂಡ. ಎರಡು ಬೀದಿ ಆಚೆ ಫೋನ್ ರಿಪೇರಿ ಅಂಗಡಿ. ನಗುಮುಖ, ಮೆತ್ತನೆ ಮಾತು. ನಮ್ಮೆಲ್ಲರ ಫೋನನ್ನೂ ಬಿಟ್ಟಿಯಾಗಿ ಸರಿಮಾಡಿಕೊಟ್ಟವನು. ಗೋಂದಿನತ್ತೆಯ ಫೋನ್ ನೀರಿನ ಬಕೆಟ್ಟಿಗೆ ಬಿದ್ದಾಗ ಎರಡು ದಿನ ಇಟ್ಟುಕೊಂಡು ಜೀವ ಕೊಟ್ಟಿದ್ದ. ಅಂದಿನಿಂದ ಅತ್ತೆಯ ಬಾಯಲ್ಲಿ ಅವನು ಅಪ್ಪಟ ಚಿನ್ನ.

"ಅವನು ನನಗೂ ಫೋನ್ ಮಾಡ್ತಾನೆ" ಅಂದಳು ಕುಳ್ಳಿ ಮೆಲ್ಲಗೆ. "ಊಟ ಮಾಡಿದ್ಲಾ, ಯಾರ ಜೊತೆ ಮಾಡಿದ್ಲು ಅಂತ. ಕಾಳಜಿ ಅಂದ್ಕೊಂಡಿದ್ದೆ."

"ಅವಳು ಊಟದ ಡಬ್ಬಿದು ಮೊದಲು ಫೋಟೊ ತೆಗೆದು ಕಳಿಸಿ ಆಮೇಲೆ ಬಾಯಿಗೆ ಇಡ್ತಾಳೆ" ಅಂದೆ. ನಾನು ನೋಡಿದ್ದು ಅದು. ನೋಡಿ ಸುಮ್ಮನಿದ್ದೆ. "ಹಿಂದೆ ಒಂದ್ಸಲ ಅವಳು ತನ್ನ ಅಕ್ಕನ ಮನೆಗೆ ಹೋಗಿದ್ದಾಗ ಏನಾಯ್ತು ಅತ್ತೆ? ಹೇಳದೆ ಕೇಳದೆ ಹೋಗಿದ್ಲಲ್ಲ. ಅವನಿಗೆ ಜಾಗ ಹೇಗೆ ಗೊತ್ತಾಯ್ತು?"

"ನಾನೇ ಹೇಳ್ದೆ" ಅಂದಳು ಅತ್ತೆ, ಎದೆಯುಬ್ಬಿಸಿ. "ಪಾಪ, ಗಂಡಸು ನನ್ನ ಮುಂದೆ ಕಣ್ಣೀರು ಹಾಕಿದ. ಅವತ್ತೇ ಹೋಗಿ ಕರ್ಕೊಂಡು ಬಂದ. ನಗ್ತಾ ಬಂದ್ಲು ತಾನೇ?"

ಕುಳ್ಳಿ ಮಡಿಸುತ್ತಿದ್ದ ಹಾಳೆ ಕೆಳಗಿಟ್ಟಳು. ಹಾಗೆ ನಮ್ಮ ನಮ್ಮ ಫಾರಂಗಳನ್ನು ಮೊದಲ ಸಲ ಒಂದರ ಪಕ್ಕ ಒಂದಿಟ್ಟು ನೋಡಿದೆವು. ಒಂದೊಂದಾಗಿ ನೋಡಿದಾಗ ಪ್ರೀತಿ. ಜೋಡಿಸಿದಾಗ ಬೀಗ.

ಬಾಗಿಲಲ್ಲಿ ನರ್ಸಕ್ಕ ನಿಂತಿದ್ದಳು. ಎದುರಿನ ಆಸ್ಪತ್ರೆಯವಳು, ಅಲ್ಲಿನ ಚೀಟಿ ಪುಸ್ತಕಗಳನ್ನು ಬೈಂಡಿಂಗಿಗೆ ಕೊಟ್ಟು ಒಯ್ಯಲು ಬರುತ್ತಾಳೆ. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಅಬ್ಬಾ, ಕೊನೆಗೂ" ಅಂದಳು. ಅಷ್ಟೇ ಸಾಕಾಯಿತು ಗೋಂದಿನತ್ತೆಗೆ.

"ನಿಮಗೇನು ಗೊತ್ತು? ಹೋದ ತಿಂಗಳು ಅವಳ ಮಣಿಕಟ್ಟು ಊದಿದಾಗ ನೀವೇ ಪಟ್ಟಿ ಕಟ್ಟಿದ್ದಲ್ವಾ? ಅವನೇ ಮಾಡಿದ್ದು ಅಂತೀರಾ?"

"ನಾನು ಏನೂ ಅನ್ನಲ್ಲ. ರೋಗಿ ವಿಷಯ ನನ್ನ ಬಾಯಿಂದ ಬರಲ್ಲ. ನೀವು ನೋಡಿದ್ದನ್ನ ನೀವು ಮಾತಾಡಿ."

"ಅವನು ಕುಡಿಯಲ್ಲ. ಬೀದೀಲಿ ಕೂಗಾಡಲ್ಲ. ಗಂಡ ಹೆಂಡ್ತಿ ಜಗಳ ಉಂಡು ಮಲಗೋ ತನಕ. ಒಂದು ಕೈಲಿ ಚಪ್ಪಾಳೆ ಆಗುತ್ತಾ?"

"ಚಪ್ಪಾಳೆಗೆ ಎರಡು ಕೈ ಬೇಕು ಅತ್ತೆ. ಕಪಾಳಕ್ಕೆ ಒಂದೇ ಸಾಕು." ಮೊಗಸಾಲೆಯ ಆ ತುದಿಯಲ್ಲಿ ಇನ್ನೂ ಫೋನಿನಲ್ಲಿದ್ದ ಸೂಜಿಯಕ್ಕನ ಕಡೆ ಒಮ್ಮೆ ನೋಡಿ, ನರ್ಸಕ್ಕ ಒಳಗೆ ಬಂದು ಸ್ಟೂಲಿನ ಮೇಲೆ ಕೂತಳು. ದಿನಕ್ಕೆ ಹತ್ತು ಕಡೆ ಇದೇ ಮಾತು ಆಡಿ ಸುಸ್ತಾದವರ ಹಾಗೆ ನಿಟ್ಟುಸಿರು ಬಿಟ್ಟಳು. "ಹೊಡೆದ್ರೆ ಮಾತ್ರ ಹಿಂಸೆ ಅಂತ ಯಾರು ಹೇಳಿಕೊಟ್ರೋ ನಿಮಗೆಲ್ಲ! ಯಾರ ಹತ್ರ ಮಾತಾಡಬೇಕು, ಎಷ್ಟು ಹೊತ್ತಿಗೆ ಬರಬೇಕು, ಏನು ತಿನ್ನಬೇಕು, ಎಲ್ಲಾ ಒಬ್ಬನೇ ನಿರ್ಧರಿಸ್ತಾ ಹೋದ್ರೆ, ತಪ್ಪಿದ್ರೆ ಶಿಕ್ಷೆ ಕೊಡ್ತಾ ಹೋದ್ರೆ, ಅದೂ ಹಿಂಸೆನೇ. ಹೊರಗಿನವರಿಗೆ ಕಾಣಲ್ಲ. ಒಳಗಿರೋಳಿಗೆ ತನ್ನ ತಲೆನೇ ಕೆಟ್ಟಿದೆ ಅನ್ಸೋಕೆ ಶುರುವಾಗುತ್ತೆ."

"ಹಾಗಿದ್ರೆ ಬಿಟ್ಟು ಹೋಗ್ಲಿ!" ಅಂದಳು ಕುಳ್ಳಿ.

"ಹೋಗಿದ್ಲಲ್ಲ. ನೀವು ವಿಳಾಸ ಕೊಟ್ರಿ."

ಕುಳ್ಳಿ ಮತ್ತೆ ಹಾಳೆ ಎತ್ತಿಕೊಂಡು ತಪ್ಪಾಗಿ ಮಡಿಸಿದಳು.

"ಬಿಟ್ಟು ಹೊರಡೋ ಹೊತ್ತೇ ಎಲ್ಲಕ್ಕಿಂತ ಅಪಾಯದ ಹೊತ್ತು" ಅಂದಳು ನರ್ಸಕ್ಕ. "ಕೈಯಿಂದ ಜಾರ್ತಿದಾಳೆ ಅಂತ ಗೊತ್ತಾದ್ರೆ ಇಂಥವರು ಏನು ಮಾಡೋಕೂ ಹೇಸಲ್ಲ. ಅದಕ್ಕೇ ಅವಸರ ಮಾಡಿಸಬೇಡಿ. ಯಾಕೆ ಬಿಟ್ಟು ಬರಲ್ಲ ಅಂತ ಕೇಳಬೇಡಿ. ಅವನನ್ನ ಹೋಗಿ ಬೈಯ್ಯಬೇಡಿ. ನೀವು ಬೈದದ್ದಕ್ಕೆ ಅವಳು ಬೆಲೆ ತೆರಬೇಕಾಗುತ್ತೆ. 'ನಿನ್ನ ಮಾತು ನಂಬ್ತೀನಿ, ನಿನಗೆ ಏನು ಬೇಕು ಹೇಳು' ಅಂತ ಕೇಳಿ. ಹೇಳದಿದ್ರೆ ಸುಮ್ನೆ ಕಾಯಿರಿ. ಮತ್ತೆ ದಯವಿಟ್ಟು ಅವನಿಗೆ ವರದಿ ಒಪ್ಪಿಸೋದು ನಿಲ್ಲಿಸಿ."

"ನಾನು ಯಾರ ಪರನೂ ಅಲ್ಲಪ್ಪ" ಅಂದಳು ಅತ್ತೆ.

"ಇವತ್ತು ಬೇಗ ಹೊರಟ್ಲು ಅಂತ ಅವನಿಗೆ ಹೇಳ್ತೀರಲ್ಲ, ಅದೂ ಒಂದು ಪರನೇ ಅತ್ತೆ."

ಅತ್ತೆ ಮುಖ ತಿರುಗಿಸಿ ರಟ್ಟಿಗೆ ಬೇಕಾದ್ದಕ್ಕಿಂತ ಹೆಚ್ಚು ಗೋಂದು ಬಳಿದಳು.

ನನಗೆ ಮೊದಲೇ ಮಾತು ಕಡಿಮೆ. ಆದರೂ ಮಾರನೆಯ ದಿನ ಫಾರಂ ಕಟ್ಟು ಇಡುವ ನೆಪದಲ್ಲಿ ಸೂಜಿಯಕ್ಕನ ಪಕ್ಕ ಬಗ್ಗಿ, ನರ್ಸಕ್ಕ ಹೇಳಿಕೊಟ್ಟ ವಾಕ್ಯವನ್ನು ಹಾಗೆಯೇ ಒಪ್ಪಿಸಿದೆ. ಅವಳ ಫೋನ್ ಆಗ ಮೇಜಿನ ಆ ತುದಿಯಲ್ಲಿ ಚಾರ್ಜಿಗೆ ಇತ್ತು. ಅವಳು ಸೂಜಿಗೆ ದಾರ ಪೋಣಿಸುತ್ತಲೇ ಇದ್ದಳು. ದಾರ ಮಾತ್ರ ಎಷ್ಟು ಹೊತ್ತಾದರೂ ಒಳಗೆ ಹೋಗಲಿಲ್ಲ.

ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ನನ್ನ ಹಾಳೆಗಳ ರಾಶಿಯಲ್ಲಿ ಅವಳ ಗುರುತಿನ ಚೀಟಿ ಇತ್ತು. ಅದೇ ಉತ್ತರ.

ನಾನು ಅದನ್ನು ನನ್ನ ಮೂಲೆಯ ರದ್ದಿ ಹಾಳೆಗಳ ಅಟ್ಟಿಯ ಕೆಳಗೆ ಇಟ್ಟೆ. ಮುಂದಿನ ವಾರ ಬ್ಯಾಂಕಿನ ಪುಸ್ತಕ ಬಂತು. ಆಮೇಲೆ ಓದಿನ ಪ್ರಮಾಣಪತ್ರ, ಅಕ್ಕನ ಫೋನ್ ನಂಬರ್ ಬರೆದ ತುಂಡು ಕಾಗದ, ಒಂದು ಜೊತೆ ಬಟ್ಟೆ. ಎಲ್ಲವನ್ನೂ ಒಮ್ಮೆಗೇ ತಂದರೆ ಮನೆಯಲ್ಲಿ ಕಪಾಟು ಖಾಲಿ ಕಾಣುತ್ತದಲ್ಲ. ಸೂಜಿ ಚುಚ್ಚಿತೆಂದು ಹೇಳಿ ಆಗಾಗ ಎದುರಿನ ಆಸ್ಪತ್ರೆಗೆ ಹೋಗುತ್ತಿದ್ದಳು. ಫೋನನ್ನು ನಮ್ಮ ಮೇಜಿನ ಮೇಲೆ ಬಿಟ್ಟು ಹೋಗುತ್ತಿದ್ದಳು. ಅಲ್ಲಿ ನರ್ಸಕ್ಕ ಮಹಿಳಾ ಸಹಾಯ ಕೇಂದ್ರದ ಆಪ್ತ ಸಲಹೆಗಾರ್ತಿಯನ್ನು ಕರೆಸಿದ್ದಳು.

"ಫೋನಲ್ಲಿ ಏನಾದ್ರೂ ಹಾಕಿದಾನಾ ಅಂತ ನೋಡಿ ತೆಗೆಸಲಾ?" ಎಂದು ಸೂಜಿಯಕ್ಕ ಕೇಳಿದಳಂತೆ.

"ಈಗ ಮುಟ್ಟಬೇಡಿ" ಎಂದರಂತೆ ಸಲಹೆಗಾರ್ತಿ. "ತೆಗೆದ ಕೂಡಲೇ ಅವನಿಗೆ ಅನುಮಾನ ಬರುತ್ತೆ. ಎಂದಿನ ಹಾಗೇ ಇರಿ. ಹೊರಡೋ ದಿನ ಫೋನ್ ಬಿಟ್ಟು ಬನ್ನಿ. ಯಾವತ್ತು ಹೊರಡೋದು ಅಂತ ನೀವೇ ಹೇಳಬೇಕು. ನಾವಲ್ಲ."

ನಮಗೆ ಗುರುತಿನ ಮಾತೊಂದನ್ನು ಅವಳೇ ಆರಿಸಿದಳು. "ದಾರ ಮುಗೀತು." ಬೈಂಡಿಂಗ್ ಕೋಣೆಯಲ್ಲಿ ಇದಕ್ಕಿಂತ ಸಾಮಾನ್ಯ ಮಾತು ಇನ್ನೊಂದಿಲ್ಲ. ಅವಳು ಎದ್ದು ನಿಂತು ಹಾಗಂದರೆ ನಾನು ಅವಳ ಕಾಗದಪತ್ರದ ಕಟ್ಟು ಕೊಡಬೇಕು, ಕುಳ್ಳಿ ಆಸ್ಪತ್ರೆಯ ಕಡೆಯ ಕಿಟಕಿ ತೆರೆಯಬೇಕು. ಅದನ್ನು ಕಂಡು ನರ್ಸಕ್ಕ ಉಳಿದದ್ದನ್ನು ನೋಡಿಕೊಳ್ಳುತ್ತಾಳೆ.

"ಅತ್ತೆಗೆ ಹೇಳಬೇಡ" ಅಂದಿದ್ದಳು ಸೂಜಿಯಕ್ಕ. "ಕೆಟ್ಟವರಲ್ಲ. ಬಾಯಿ ಮಾತ್ರ ಅವರದಲ್ಲ."

ಆ ದಿನ ಬಂದದ್ದು ಒಂದು ಸಾಮಾನ್ಯ ಬೆಳಿಗ್ಗೆ. ಚಹಾ ಇನ್ನೂ ಬಂದಿರಲಿಲ್ಲ. ಸೂಜಿಯಕ್ಕ ಎದ್ದು ನಿಂತು, "ದಾರ ಮುಗೀತು" ಅಂದಳು. ಧ್ವನಿ ನಡುಗಲಿಲ್ಲ. ನಾನು ಅಟ್ಟಿಯ ಕೆಳಗೆ ಕೈ ಹಾಕಿದೆ. ಕಟ್ಟು ಕೊಟ್ಟೆ. ಕುಳ್ಳಿ ಕಿಟಕಿ ತೆರೆದಳು. ಫೋನ್ ಮೇಜಿನ ಮೇಲೆ ಉಳಿಯಿತು, ಸೂಜಿ ಅರ್ಧ ಹೊಲಿದ ಪುಸ್ತಕದಲ್ಲಿ.

ಗೋಂದಿನತ್ತೆ ಕೂರುವುದು ಅದೇ ಕಿಟಕಿಯ ಪಕ್ಕ. ಆಸ್ಪತ್ರೆಯ ಮಗ್ಗುಲಿನ ಸಣ್ಣ ಬಾಗಿಲಲ್ಲಿ ನಿಂತ ವಾಹನ, ಅದರೊಳಗೆ ಹತ್ತಿದ ಸೂಜಿಯಕ್ಕ, ಅದು ತಿರುಗಿದ ಬೀದಿ, ಎಲ್ಲವನ್ನೂ ಅವಳು ನೋಡಿದಳು. ಆಮೇಲೆ ಮೇಜಿನ ಮೇಲಿನ ಫೋನ್ ನೋಡಿದಳು. ಆಮೇಲೆ ನಮ್ಮನ್ನು.

"ಹೀಗಾ?" ಅಂದಳು. "ನನ್ನಿಂದ ಮುಚ್ಚಿಟ್ರಾ? ನಾನೇನು ಕಳ್ಳಿನಾ? ಪಾಪ ಆ ಹುಡುಗ..."

ಫೋನ್ ಹೊಡೆದುಕೊಂಡಿತು. ಯಾರೂ ಮುಟ್ಟಲಿಲ್ಲ. ಮತ್ತೆ ಹೊಡೆದುಕೊಂಡಿತು. ಆಮೇಲೆ ಕುಳ್ಳಿಯದು. ಆಮೇಲೆ ನನ್ನದು. ಆಮೇಲೆ ಮೂರೂ ನಿಂತವು. ಅದರಿಂದಲೇ ಹೆಚ್ಚು ಭಯವಾಯಿತು.

ಸ್ವಲ್ಪ ಹೊತ್ತಿಗೆ ಭಾವ ಮೆಟ್ಟಿಲು ಹತ್ತಿ ಬಂದ. ಕೈಯಲ್ಲಿ ನಮಗೆಲ್ಲ ತಂಪು ಪಾನೀಯದ ಬಾಟಲಿಗಳು. ಅದೇ ನಗು.

"ಎಲ್ಲಿ ನಮ್ಮವಳು? ಫೋನ್ ಇಲ್ಲೇ ಇದೆ."

"ದಾರ ತರೋಕೆ ಹೋದ್ಲು" ಅಂದಳು ಕುಳ್ಳಿ. ಅವಳ ದನಿ ಅವಳಿಗೇ ಕೇಳಿಸಲಿಲ್ಲ.

ಅವನು ನೇರ ಗೋಂದಿನತ್ತೆಯ ಹತ್ತಿರ ಹೋಗಿ ಮೊಣಕಾಲೂರಿ ಕೂತ. ಕಣ್ಣು ತುಂಬಿತು. ಅದೆಷ್ಟು ಬೇಗ ತುಂಬಿತು! "ಅತ್ತೆ, ನೀವು ನನಗೆ ತಾಯಿ ಇದ್ದ ಹಾಗೆ. ಅವಳಿಗೆ ಮನಸ್ಸು ಸರಿಯಿಲ್ಲ. ಏನಾದ್ರೂ ಮಾಡ್ಕೊಂಡ್ರೆ ನಾನು ಬದುಕಲ್ಲ. ಯಾವ ಕಡೆ ಹೋದ್ಲು? ಅಷ್ಟು ಹೇಳಿ ಸಾಕು."

ಅತ್ತೆಯ ಮುಖ ಕರಗುತ್ತಿತ್ತು. ಬಾಯಿ ತೆರೆಯಿತು.

"ನಿಮ್ಮ ಮಗಳಿಗೆ ಮೊನ್ನೆ ನೀವೇ ಬರೆದಿದ್ರಲ್ಲ" ಅಂದ ಅವನು, ಇನ್ನಷ್ಟು ಮೆತ್ತಗೆ. "ನಾನು ಅಪ್ಪಟ ಚಿನ್ನ, ಇಂಥ ಅಳಿಯ ನಿಮಗೆ ಸಿಗಲಿಲ್ವಲ್ಲ ಅಂತ. ಅಂಥ ಅತ್ತೆ ನನಗೆ ಸುಳ್ಳು ಹೇಳ್ತಾರಾ?"

ಕುಂಚ ಅಲ್ಲೇ ನಿಂತಿತು.

"ನನ್ನ ಮಗಳಿಗೆ ನಾನು ಬರೆದಿದ್ದು ನಿನಗೆ ಹೇಗೆ ಗೊತ್ತು?"

ಅವನು ನಕ್ಕ. ನಗಬಾರದಿತ್ತು. ನೀರಿಗೆ ಬಿದ್ದ ಫೋನು, ಅವನ ಅಂಗಡಿಯಲ್ಲಿ ಕಳೆದ ಎರಡು ದಿನ, ಬಿಟ್ಟಿ ರಿಪೇರಿ. ಅತ್ತೆಯ ಮುಖದಲ್ಲಿ ಅವು ಒಂದೊಂದಾಗಿ ಜೋಡಣೆಯಾಗುವುದು ನನಗೆ ಕಾಣಿಸಿತು. ಮಗಳ ಜೊತೆ ಆಡಿದ ಎಷ್ಟು ಮಾತು, ಮಗಳ ಗಂಡನ ಮೇಲಿನ ಎಷ್ಟು ದೂರು, ಎಲ್ಲವೂ ಅವನ ಕಣ್ಣ ಮುಂದೆ.

ಅತ್ತೆ ಕುಂಚವನ್ನು ಗೋಂದಿನಲ್ಲಿ ಅದ್ದಿದಳು. ಮುಂದಿನ ರಟ್ಟು ಎಳೆದುಕೊಂಡಳು.

"ನಾನು ಓದೋದು ಬೆನ್ನುಡಿ ಮಾತ್ರ ಕಣಪ್ಪ" ಅಂದಳು. "ಒಳಗೇನಿದೆ ನನಗೆ ಗೊತ್ತಿಲ್ಲ."

"ಅತ್ತೆ, ನೀವು ಕಿಟಕಿ ಹತ್ರಾನೇ ಕೂತಿದೀರಿ."

"ಕೂತಿದೀನಿ. ಕನ್ನಡಕ ಇಲ್ಲ."

ಕನ್ನಡಕ ಅವಳ ಮೂಗಿನ ಮೇಲೆಯೇ ಇತ್ತು. ಆಗ ಅವನ ಮುಖದ ರಟ್ಟು ಕಿತ್ತು ಬಂತು. ಗೋಂದಿನ ಬಕೆಟ್ಟನ್ನು ಒದ್ದ. ಹೊಲಿದಿಟ್ಟ ಪುಸ್ತಕಗಳನ್ನು ಮೇಜಿನಿಂದ ಬಾಚಿ ಕೆಡವಿದ. ಸೂಜಿಯಕ್ಕನ ಫೋನನ್ನು ಗೋಡೆಗೆ ಬಡಿದ. ಅವನ ಬಾಯಿಂದ ಬಂದ ಮಾತುಗಳನ್ನು ನಾನು ಇಲ್ಲಿ ಬರೆಯಲಾರೆ. ಎಲ್ಲವೂ ಅತ್ತೆಯನ್ನೇ ಉದ್ದೇಶಿಸಿ ಆಡಿದಂಥವು. ಸದ್ದು ಕೇಳಿ ಕೆಳಗಿನ ಅಚ್ಚಿನ ಕೋಣೆಯವರು, ಯಜಮಾನರು ಎಲ್ಲರೂ ಮೇಲೆ ಓಡಿ ಬಂದರು. ಅಷ್ಟು ಜನರನ್ನು ಕಂಡ ಕೂಡಲೇ ಅವನು ತಲೆಗೂದಲು ಸರಿಮಾಡಿಕೊಂಡು, "ಸಾರಿ, ಮನೆ ಟೆನ್ಷನ್ನು" ಎಂದು ನಗುತ್ತ ಇಳಿದು ಹೋದ.

ಅತ್ತೆ ನೆಲದ ಮೇಲೆ ಹರಿಯುತ್ತಿದ್ದ ಗೋಂದನ್ನು ರಟ್ಟಿನ ತುಂಡಿನಿಂದ ಬಾಚತೊಡಗಿದಳು.

"ಅವಳ ಅಕ್ಕನ ಮನೆ ವಿಳಾಸ ಕೊಟ್ಟೆನಲ್ಲ" ಅಂದಳು ಕಡೆಗೆ. "ಇಂಥವನ ಕೈಗೆ ಕೊಟ್ಟೆನಲ್ಲ."

ಅದೇ ಮಧ್ಯಾಹ್ನ ನಾವು ಮೂವರೂ, ಯಜಮಾನರ ಜೊತೆ, ಪೊಲೀಸ್ ಠಾಣೆಗೆ ಹೋದೆವು. ಅತ್ತೆ ತನ್ನ ಫೋನನ್ನು ಅಲ್ಲಿ ಮೇಜಿನ ಮೇಲಿಟ್ಟು, ನಡೆದದ್ದನ್ನೆಲ್ಲ ಹೇಳಿದಳು. ದೂರು ಬರೆದುಕೊಳ್ಳುತ್ತಿದ್ದವರು, "ಗಂಡ ಹೆಂಡ್ತಿ ವಿಷಯ ಅಲ್ವಾಮ್ಮಾ, ಕೂತು ಮಾತಾಡಿ ಸರಿ ಮಾಡ್ಕೋಬಹುದಲ್ಲ" ಅಂದರು.

"ಬೆನ್ನುಡಿ ಓದಬೇಡಿ" ಅಂದಳು ಅತ್ತೆ. "ಪೂರ್ತಿ ಬರ್ಕೊಳ್ಳಿ."

ಬರೆದುಕೊಂಡರು.

ಈಗ ಈ ಕರಪತ್ರ ಓದುತ್ತಿರುವ ನಿಮಗೆ ಒಂದು ಮಾತು. ನಿಮ್ಮ ಪಕ್ಕದ ಮನೆಯಲ್ಲಿ, ನಿಮ್ಮ ಕೆಲಸದ ಜಾಗದಲ್ಲಿ, ನಿಮ್ಮ ಸಂಘದ ಸಭೆಯಲ್ಲಿ ಒಬ್ಬಳು ಫೋನ್ ಹೊಡೆದುಕೊಂಡ ಕೂಡಲೇ ಬೆಚ್ಚುತ್ತಿದ್ದರೆ, ಅವಳ ಗಂಡ ನಿಮಗೇ ಫೋನ್ ಮಾಡಿ ಅವಳ ದಿನಚರಿ ಕೇಳುತ್ತಿದ್ದರೆ, ಅದನ್ನು ಪ್ರೀತಿ ಎಂದು ಕರೆಯುವ ಮುನ್ನ ಒಂದು ಕ್ಷಣ ನಿಲ್ಲಿ. ನೀವು ಕಂಡದ್ದು ಒಂದು ಫಾರಂ ಮಾತ್ರ. ಅವನಿಗೆ ಅವಳ ಸುದ್ದಿ ಕೊಡಬೇಡಿ, ಎಷ್ಟೇ ಕಣ್ಣೀರು ಹಾಕಲಿ. ರಾಜಿ ಮಾಡಿಸಲು ಹೊರಡಬೇಡಿ. ಹೊಂದಿಕೊಂಡು ಹೋಗು ಎಂಬ ಮಾತನ್ನು ಸಾಕು ಮಾಡಿ, ಅದನ್ನು ಕೇಳಿ ಕೇಳಿ ಹೆಂಗಸರ ಕಿವಿ ಸವೆದಿದೆ. ಅವಳನ್ನು ನಂಬಿ. ಅವಳ ಕಾಗದಪತ್ರ ಇಟ್ಟುಕೊಳ್ಳಲು ಒಂದು ಮೂಲೆ ಕೊಡಿ. ಮಕ್ಕಳಿದ್ದರೆ ಅವರ ಜನನ ಪತ್ರವೂ ಆ ಮೂಲೆಯಲ್ಲಿರಲಿ.

ಆ ಹೆಂಗಸು ನೀವೇ ಆಗಿದ್ದರೆ, ನಿಮ್ಮ ತಲೆ ಕೆಟ್ಟಿಲ್ಲ. ತಪ್ಪು ನಿಮ್ಮದಲ್ಲ. ಹೊರಡುತ್ತೇನೆಂದು ಅವನಿಗೆ ಹೇಳಿ ಹೊರಡಬೇಡಿ. ಒಬ್ಬರಿಗಾದರೂ ಹೇಳಿ, ಅವರ ಜೊತೆ ಸೇರಿ ದಾರಿ ಯೋಚಿಸಿ. ಸಹಾಯವಾಣಿಯ ಸಂಖ್ಯೆ ಈ ಕರಪತ್ರದ ಹಿಂಬದಿಯಲ್ಲಿದೆ. ಅದನ್ನು ನಿಮ್ಮ ಫೋನಿನಲ್ಲಿ ಬರೆದಿಡಬೇಡಿ, ಬಾಯಿಪಾಠ ಮಾಡಿ. ಬೇರೆಯವರ ಫೋನಿನಿಂದ ಕರೆ ಮಾಡಿ. ಜೀವಕ್ಕೆ ಈಗಲೇ ಅಪಾಯವಿದ್ದರೆ ಯಾವ ಯೋಜನೆಯೂ ಬೇಡ, ಪೊಲೀಸರನ್ನು ಕರೆಯಿರಿ, ಇಲ್ಲವೇ ಜನ ಇರುವ ಕಡೆ ಓಡಿ.

ಸೂಜಿಯಕ್ಕ ಚೆನ್ನಾಗಿದ್ದಾಳೆ. ಬೇರೊಂದು ಕಡೆ ಕೆಲಸ ಮಾಡುತ್ತಿದ್ದಾಳೆ. ಮನೆಯ ಬಾಗಿಲನ್ನು ತನಗೆ ಬೇಕಾದಾಗ ತೆರೆಯುತ್ತಾಳೆ, ಬೇಕಾದಾಗ ಮುಚ್ಚುತ್ತಾಳೆ. ಎಲ್ಲಿದ್ದಾಳೆ ಎಂದು ಗೋಂದಿನತ್ತೆಗೆ ಗೊತ್ತು.

ಅವಳನ್ನು ಕೇಳಿ ನೋಡಿ. ಕನ್ನಡಕ ಇಲ್ಲ ಅನ್ನುತ್ತಾಳೆ.